ಕಿಡಿಗಾಜಿನ ಅಣ್ಣ

ಮುಂದಿನ ಗಾಜೇ ಇಲ್ಲದ ಹಳೇ ವ್ಯಾನಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತು, ಅಡ್ಡ ಬಂದವರಿಗೆ ಹೆಲ್ಮೆಟ್ಟಿನ ಮುಚ್ಚಳ ಎತ್ತಿ ಬೈದು, ಮತ್ತೆ ಮುಚ್ಚಳ ಇಳಿಸಿಕೊಂಡು ಮಾಗಡಿ ರಸ್ತೆಯಲ್ಲಿ ಹೋಗುತ್ತಿದ್ದ ಮನುಷ್ಯನನ್ನು ನೀವು ಯಾವತ್ತಾದರೂ ಕಂಡಿದ್ದರೆ, ನಾನು ಹೇಳಹೊರಟಿರುವುದು ಅವರ ವಿಷಯವೇ. ಸುಂಕದಕಟ್ಟೆಯ ಜನ ಅವರನ್ನು ಮೊದಲು ಗ್ರಿಲ್ ಅಣ್ಣ ಎನ್ನುತ್ತಿದ್ದರು, ಆಮೇಲೆ ಗ್ಲಾಸ್ ಅಣ್ಣ ಎಂದರು. ನನಗೆ ಬರೀ ಅಣ್ಣ. ಹೆಸರು ಬರೆಯುವುದಿಲ್ಲ. ಬರೆದದ್ದು ಗೊತ್ತಾದರೆ ಜೆರಾಕ್ಸ್ ಮಾಡಿಸಿ ರಸ್ತೆಯ ಅಂಗಡಿಗಳಿಗೆಲ್ಲ ಹಂಚಿಬಿಡುತ್ತಾರೆ. ಸಂಕೋಚ ಎನ್ನುವುದು ಅವರ ಮೈಯಲ್ಲೇ ಇಲ್ಲ.

ಹೋದ ತಿಂಗಳು ಅವರ ಅಂಗಡಿಯ ಬೋರ್ಡು ಇಳಿಯಿತು. ಈಗ ಅಲ್ಲಿ ಯಾರೋ ಹಾಸಿಗೆ ದಿಂಬು ಮಾರುತ್ತಿದ್ದಾರೆ. ಅಣ್ಣ ಮತ್ತು ಅವರ ಹೆಂಡತಿ ಕೆಂಗೇರಿಯಲ್ಲಿ ಮಗಳ ಮನೆಯ ಹತ್ತಿರ ಒಂದು ಸಣ್ಣ ಮನೆ ಹಿಡಿದು ಹೋದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಣ್ಣನ ಹೆಂಡತಿ ಅಕ್ಕ ಹೇಗಾಗುತ್ತಾರೆ ಎಂದು ನಮ್ಮ ರಸ್ತೆಯಲ್ಲಿ ಯಾರೂ ಕೇಳುವುದಿಲ್ಲ.

ನಾನು ಸ್ಕೂಲ್ ವ್ಯಾನ್ ಓಡಿಸುವವಳು. ಶ್ರೀಗಂಧದ ಕಾವಲ್, ಸುಂಕದಕಟ್ಟೆ ಕಡೆಯ ಮಕ್ಕಳನ್ನು ಬೆಳಗ್ಗೆ ವಿಜಯನಗರದ ಶಾಲೆಗೆ ಬಿಟ್ಟು ಸಂಜೆ ವಾಪಸ್ ಕರೆತರುತ್ತೇನೆ. ನಡುವೆ ಮಧ್ಯಾಹ್ನವೆಲ್ಲ ವ್ಯಾನಿಗೂ ನನಗೂ ಬಿಡುವು. ಅಣ್ಣನ ಅಂಗಡಿಯ ಪಕ್ಕದಲ್ಲಿ ಒಂದು ಹೊಂಗೆ ಮರವಿತ್ತು, ಕೆಳಗೆ ಒಳ್ಳೆಯ ನೆರಳು. ನಾನು ಮೊದಲ ದಿನ ಅಲ್ಲಿ ನಿಲ್ಲಿಸಲೋ ಬೇಡವೋ ಎಂದು ಹಿಂದೆ ಮುಂದೆ ಮಾಡುತ್ತಿದ್ದಾಗ ಅವರೇ ಫುಟ್‌ಪಾತಿನ ಮೇಲಿಂದ ಕೂಗಿದ್ದರು.

"ನಿಲ್ಸಮ್ಮಾ, ನಿಲ್ಸು! ಮರ ಏನು ನಮ್ಮಪ್ಪ ನೆಟ್ಟಿದ್ದಾ? ಇನ್ನೂ ಸ್ವಲ್ಪ ಒಳಗೆ ತಗೋ. ಹಾಂ, ಬಿಸಿಲು ಬೀಳಲ್ಲ ಈಗ."

ಬಿಸಿಲು ಬೀಳಲಿಲ್ಲ, ನಿಜ. ಬಿದ್ದದ್ದು ಬೇರೆ.

ಅವರ ಕೆಲಸ ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡುವುದು. ಅಂಗಡಿಯೊಳಗೆ ಕಬ್ಬಿಣದ ಪೈಪು ತುಂಬಿದ್ದರಿಂದ ಮನುಷ್ಯರಿಗೆ ಜಾಗವಿರಲಿಲ್ಲ, ಕೆಲಸವೆಲ್ಲ ಹೊರಗೆ. ಆ ಸಲ ಅನ್ನಪೂರ್ಣೇಶ್ವರಿ ನಗರದ ಯಾರೋ ತಮ್ಮ ಹೊಸ ಮನೆಗೆ ನವಿಲಿನ ಗೇಟು ಬೇಕೆಂದಿದ್ದರು. ಎರಡು ನವಿಲು, ಎದುರುಬದುರಾಗಿ, ಗರಿ ಬಿಚ್ಚಿಕೊಂಡು. ಅಣ್ಣನಿಗೆ ಅಂಥ ಕೆಲಸ ಸಿಕ್ಕಿದ್ದೇ ಖುಷಿ. ಒಂದೊಂದು ಗರಿಯನ್ನೂ ಗ್ರೈಂಡರಿನಲ್ಲಿ ಉಜ್ಜಿ ಉಜ್ಜಿ ನಯ ಮಾಡುತ್ತಾ ವಾರಗಟ್ಟಲೆ ಕೂತರು. ಗ್ರೈಂಡರ್ ತಿರುಗಿದಾಗಲೆಲ್ಲ ಕಿಡಿಗಳು ದೀಪಾವಳಿಯ ಹೂಕುಂಡದ ಹಾಗೆ ಚಿಮ್ಮಿ ನೇರವಾಗಿ ನನ್ನ ವ್ಯಾನಿನ ಮುಖಕ್ಕೆ ಬೀಳುತ್ತಿದ್ದವು. ನಾನು ಅಂಗಡಿಗೆ ಅಂಟಿಕೊಂಡೇ ಇದ್ದ ಅವರ ಮನೆಯ ಜಗುಲಿಯಲ್ಲಿ ಕೂತು ಅಕ್ಕನ ಜೊತೆ ಅವರೆಕಾಯಿ ಸುಲಿಯುತ್ತಾ ಆ ಚೆಂದವನ್ನು ನೋಡುತ್ತಿದ್ದೆ. ಕಿಡಿ ಗಾಜನ್ನು ತಿನ್ನುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದು ಮಳೆ ಬಂತು. ಮಳೆ ಒಣಗಿದ ಮೇಲೆ ಮುಂದಿನ ಗಾಜಿನ ತುಂಬ ಕಂದು ಚುಕ್ಕಿ. ಮರದ ಅಂಟು ಇರಬೇಕೆಂದು ಪೇಪರಿನಲ್ಲಿ ಉಜ್ಜಿದೆ, ಹೋಗಲಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ದಾರ ಸಿಕ್ಕಿಕೊಂಡಿತು. ಕೈಯಾಡಿಸಿದರೆ ಉಪ್ಪುಕಾಗದ ಸವರಿದ ಹಾಗೆ. ವೈಪರಿನ ರಬ್ಬರು ಹರಿದು ಎಳೆ ಎಳೆಯಾಯಿತು. ಮೆಕ್ಯಾನಿಕ್ಕಿಗೆ ತೋರಿಸಿದಾಗ ಅವನು ಒಂದೇ ನೋಟಕ್ಕೆ ಹೇಳಿದ: "ಗ್ರೈಂಡಿಂಗ್ ಕಿಡಿ ಮೇಡಂ. ಕಾದ ಕಬ್ಬಿಣದ ಪುಡಿ ಹಾರಿ ಬಂದು ಗಾಜಿಗೆ ಕಚ್ಕೊಂಡಿದೆ. ಈಗ ತುಕ್ಕು ಹಿಡೀತಿದೆ."

ತುಕ್ಕಿನ ಚುಕ್ಕಿಯೇನೋ ಸಹಿಸಬಹುದಿತ್ತು. ತೊಂದರೆ ಸಂಜೆಯದು. ಶಾಲೆಯಿಂದ ವಾಪಸ್ ಬರುವಾಗ ಮಾಗಡಿ ರಸ್ತೆಯಲ್ಲಿ ಸೂರ್ಯ ಸರಿಯಾಗಿ ಎದುರಿಗಿರುತ್ತಾನೆ. ಆ ಬೆಳಕು ಬಿದ್ದ ಕೂಡಲೇ ಒಂದೊಂದು ಚುಕ್ಕಿಯೂ ಹೊತ್ತಿಕೊಂಡು ಗಾಜಿಗೆ ಗಾಜೇ ಜಗಮಗ. ಹಿಂದೆ ಕೂತ ಒಂದನೇ ಕ್ಲಾಸಿನ ಹುಡುಗಿ "ಆಂಟಿ, ನಕ್ಷತ್ರ!" ಎಂದು ಚಪ್ಪಾಳೆ ತಟ್ಟಿದಳು. ಮಕ್ಕಳೆಲ್ಲ ಎಣಿಸತೊಡಗಿದರು. ಅದೇ ಹೊತ್ತಿಗೆ ನಕ್ಷತ್ರಗಳ ಹಿಂದಿನಿಂದ ಒಂದು ತರಕಾರಿ ಗಾಡಿ ಮೂಡಿಬಂತು. ಬ್ರೇಕ್ ಒತ್ತಿದೆ. ಗಾಡಿಯವನ ಟೊಮೇಟೊ ಬುಟ್ಟಿಗೆ ತಗಲುವಷ್ಟು ಹತ್ತಿರದಲ್ಲಿ ವ್ಯಾನ್ ನಿಂತಿತು. ಅವನು ಬೈದ ಬೈಗುಳ ಒಂದೂ ನನ್ನ ಕಿವಿಗೆ ಬೀಳಲಿಲ್ಲ. ಹಿಂದೆ ತಿರುಗಿ ಮಕ್ಕಳ ತಲೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ.

ಮಕ್ಕಳನ್ನು ಮನೆಮನೆಗೆ ಮುಟ್ಟಿಸಿ ನೇರ ಅಣ್ಣನ ಅಂಗಡಿಗೆ ಹೋದೆ.

"ಏನಮ್ಮಾ ನೀನು!" ಎಂದು ಅವರು ನಕ್ಕುಬಿಟ್ಟರು. "ಕಿಡಿ ಅಂದ್ರೆ ಹೂವು ಕಣಮ್ಮಾ. ಗಾಳೀಲೇ ಆರೋಗುತ್ತೆ. ಇಷ್ಟು ವರ್ಷದಿಂದ ಕೆಲ್ಸ ಮಾಡ್ತಿದೀನಿ, ನನ್ನ ಲುಂಗಿಗೇ ಒಂದು ತೂತು ಬಿದ್ದಿಲ್ಲ."

ಒಳಗಿನಿಂದ ಅಕ್ಕನ ದನಿ ಬಂತು. "ಬಿದ್ದಿಲ್ವಾ? ಹೊಲ್ದು ಹೊಲ್ದು ನನ್ನ ಬೆರಳೇ ತೂತಾಗಿದೆ!"

"ಅದು ಇಲಿ ಕಡಿದಿದ್ದು."

"ನೀವು ಉಟ್ಕೊಂಡಿರೋವಾಗ್ಲೇ ಕಡೀತಾ?"

ವಾದದಲ್ಲಿ ಅವರನ್ನು ಗೆಲ್ಲುವುದು ಆಗದ ಕೆಲಸ. ನಾನು ಒಂದೇ ಮಾತು ಹೇಳಿದೆ: "ನಾಳೆ ಸಾಯಂಕಾಲ ನನ್ನ ಪಕ್ಕ ಕೂತ್ಕೊಂಡು ಬನ್ನಿ ಅಣ್ಣ. ಆಮೇಲೆ ಮಾತಾಡೋಣ."

ಬಂದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ. ವಿಜಯನಗರದಿಂದ ಹೊರಟಾಗ ಮಕ್ಕಳಿಗೆ ತಾವು ಮಾಡಿದ ಗೇಟುಗಳ ಕಥೆ ಹೇಳುತ್ತಿದ್ದರು. ರಸ್ತೆ ಪಶ್ಚಿಮಕ್ಕೆ ತಿರುಗಿ ಸೂರ್ಯ ಎದುರಾದ ಮೇಲೆ ಕಥೆ ನಡುವೆಯೇ ನಿಂತಿತು. ಮುಂದಕ್ಕೆ ಬಗ್ಗಿದರು. ಪಕ್ಕಕ್ಕೆ ವಾಲಿದರು. ಕೈಯನ್ನು ಹಣೆಗೆ ಅಡ್ಡ ಹಿಡಿದರು. ಆಮೇಲೆ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಂಕದಕಟ್ಟೆಯವರೆಗೂ ಬಿಡಲಿಲ್ಲ. ಇಳಿದ ಮೇಲೆ ನನಗೇ ಬೈದರು.

"ಮಕ್ಕಳನ್ನ ಕೂರಿಸ್ಕೊಂಡು ಹಿಂಗೆ ಓಡಿಸ್ತಿದ್ಯಾ? ಬುದ್ಧಿ ಬೇಡ್ವಾ ನಿಂಗೆ? ಇದು ಸರಿ ಆಗೋವರ್ಗೂ ಗಾಡಿ ಮುಟ್ಟಬೇಡ!"

ತಪ್ಪು ಒಪ್ಪಿಕೊಳ್ಳುವಾಗ ಅವರು ಯಾವಾಗಲೂ ಎದುರಿನವರಿಗೇ ಬೈಯುತ್ತಿದ್ದರು. ಅದು ಅವರ ಶೈಲಿ.

ಸರಿಮಾಡುವ ಕೆಲಸವನ್ನು ಅವರೇ ಕೈಗೆತ್ತಿಕೊಂಡರು. ನಾನು ಗಾಜಿನ ಅಂಗಡಿಗೆ ಹೋಗುತ್ತೇನೆ ಎಂದರೆ ಕೇಳಲಿಲ್ಲ. "ಹಾಳು ಮಾಡಿದ್ದು ನಾನು, ಅವ್ರು ಯಾಕೆ ಮಾಡ್ಬೇಕು?" ಎನ್ನುವುದು ಅವರ ತರ್ಕ. ಮೊದಲು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರು. ವ್ಯಾನು ಲವಂಗದ ವಾಸನೆ ಹೊಡೆಯಿತೇ ಹೊರತು ಚುಕ್ಕಿ ಕದಲಲಿಲ್ಲ. ಮಾರನೇ ದಿನ ಗಾಜು ಕೆಡಿಸಿದ ಅದೇ ಗ್ರೈಂಡರಿಗೆ ಬಟ್ಟೆಯ ಚಕ್ರ ಸಿಕ್ಕಿಸಿ, ಸ್ಟೀಲಿಗೆ ಹೊಳಪು ಕೊಡುವ ಪೇಸ್ಟು ಬಳಿದು, ಜೋರಾಗಿ ತಿರುಗಿಸಿ ಒತ್ತಿದರು. ಗಾಜಿನಿಂದ ಹೊಗೆಯೆದ್ದಿತು. "ಬಿಸಿ ಆಗ್ತಿದೆ ಅಂದ್ರೆ ಕೆಲ್ಸ ಆಗ್ತಿದೆ ಅಂತ" ಎಂದು ನನಗೆ ಧೈರ್ಯ ಹೇಳುತ್ತಿದ್ದಾಗಲೇ ಟಪ್ ಎಂದು ಸದ್ದಾಯಿತು. ಗಾಜಿನ ಕೆಳಗಿನಿಂದ ಮೇಲಿನವರೆಗೆ ಒಂದು ಬಿರುಕು ನಿಧಾನವಾಗಿ, ತನಗೇನೂ ಅವಸರವಿಲ್ಲವೆಂಬಂತೆ ಏರುತ್ತಾ ಹೋಯಿತು.

ನಾನು ಅತ್ತುಬಿಡುತ್ತಿದ್ದೆನೇನೋ. ಮಾರನೇ ಬೆಳಗ್ಗೆ ಮಕ್ಕಳನ್ನು ಕರೆದೊಯ್ಯಬೇಕು. ಅಣ್ಣ ಬಿರುಕನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಸ್ವಂತ ವ್ಯಾನಿನ ಕಡೆ ನೋಡಿದರು. ಅದೂ ನನ್ನದರ ಹಾಗೇ ಹಳೆಯ ಕಾಲದ್ದು, ಅದೇ ಕಂಪನಿ, ಅದೇ ಅಳತೆ. ಅದರ ತಲೆಯ ಮೇಲೆ ಗೇಟು ಕಟ್ಟಿಕೊಂಡು ಗಿರಾಕಿಗಳ ಮನೆಗೆ ಸಾಗಿಸುತ್ತಿದ್ದರು. ಆ ಹಳೇ ವ್ಯಾನುಗಳ ಗಾಜು ಸುತ್ತಲಿನ ರಬ್ಬರಿನಲ್ಲಿ ಕೂತಿರುತ್ತದೆ. ರಬ್ಬರಿನ ಸಂದಿಗೆ ದಾರ ಸೇರಿಸಿ ಒಳಗಿನಿಂದ ಎಳೆಯುತ್ತಾ ಹೋದರೆ ಗಾಜು ತಾನಾಗಿ ಕಚ್ಚಿಕೊಳ್ಳುತ್ತದೆ. ಅಕ್ಕ ಒಳಗೆ ಕೂತು ದಾರ ಎಳೆದರು, ಅಣ್ಣ ಹೊರಗಿನಿಂದ ಅಂಗೈಯಲ್ಲಿ ತಟ್ಟಿದರು. ಹೊತ್ತು ಮುಳುಗುವುದರೊಳಗೆ ಅವರ ಗಾಜು ನನ್ನ ವ್ಯಾನಿಗೆ ಬಂದಿತ್ತು, ಅವರ ವ್ಯಾನಿನ ಮುಖದಲ್ಲಿ ಬರೀ ಬಯಲು.

ಹೆಲ್ಮೆಟ್ಟಿನ ಕಾಲ ಶುರುವಾದದ್ದು ಹೀಗೆ. ಕೊನೆಗೆ ಕಾಮಾಕ್ಷಿಪಾಳ್ಯದ ಹತ್ತಿರ ಒಬ್ಬ ಟ್ರಾಫಿಕ್ ಪೊಲೀಸರು ಹಿಡಿದರಂತೆ.

"ಏನ್ರೀ ಇದು? ಗ್ಲಾಸ್ ಎಲ್ಲಿ?"

"ಸ್ಕೂಲ್ ಮಕ್ಕಳಿಗೆ ಕೊಟ್ಟಿದೀನಿ ಸಾರ್."

"ಮತ್ತೆ ಹೆಲ್ಮೆಟ್ ಯಾಕೆ?"

"ಸೇಫ್ಟಿ ಸಾರ್. ನೀವೇ ಅಲ್ವಾ ಹೇಳೋದು?"

ಪೊಲೀಸರಿಗೆ ನಗು ತಡೆಯಲಾಗಲಿಲ್ಲವಾದರೂ ಗಾಡಿ ಬಿಡಲಿಲ್ಲ. ಗಾಜು ತಂದು ಹಾಕಿಸಿಕೊಂಡೇ ತೆಗೆದುಕೊಂಡು ಹೋಗಿ ಎಂದರು. ಅಣ್ಣ ಅಲ್ಲಿಂದ ಸುಂಕದಕಟ್ಟೆಯವರೆಗೆ ನಡೆದು ಬಂದರು, ಹೆಲ್ಮೆಟ್ ಹಾಕಿಕೊಂಡೇ. ತೆಗೆಯಬೇಕೆಂದು ಹೊಳೆಯಲಿಲ್ಲವಂತೆ.

ಒಡೆದ ನನ್ನ ಗಾಜನ್ನು ಅವರು ಎಸೆಯಲಿಲ್ಲ. ಗೋಡೆಗೆ ಒರಗಿಸಿ ಇಟ್ಟುಕೊಂಡು ಅದರ ಮೇಲೆ ಕಲಿಯಲು ಕೂತರು. ಫೋನಿನಲ್ಲಿ ವಿಡಿಯೋ ನೋಡಿದರು. ಬಾಪೂಜಿ ನಗರದಲ್ಲಿ ಕನ್ನಡಿಯ ಅಂಚು ತಿಕ್ಕುವ ವರ್ಕ್‌ಶಾಪೊಂದಕ್ಕೆ ಹೋಗಿ ಅಲ್ಲಿದ್ದ ಮುದುಕರೊಬ್ಬರ ತಲೆ ತಿಂದರು. ಆ ಮುದುಕರು ಇವರ ಹೊಗೆಯ ಕಥೆ ಕೇಳಿ ತಲೆ ಚಚ್ಚಿಕೊಂಡು, "ಗಾಜು ಎಮ್ಮೆ ಇದ್ದಂಗೆ ಭಾಯಿ, ಮೈ ಮೇಲೆ ನೀರು ಬೀಳ್ತಾನೇ ಇರ್ಬೇಕು" ಎಂದರಂತೆ. ಮೊದಲು ಗಾಜನ್ನು ಒದ್ದೆ ಮಾಡಿ ಬ್ಲೇಡಿನಲ್ಲಿ ಕಬ್ಬಿಣದ ಚುಕ್ಕಿಗಳನ್ನು ಕೆರೆದು ತೆಗೆಯಬೇಕು. ಉಳಿದ ಗುಳಿಗಳನ್ನು ಒಂದು ಗುಲಾಬಿ ಬಣ್ಣದ ಪುಡಿ ಕಲಸಿ, ಮೆತ್ತನೆ ಚಕ್ರದಲ್ಲಿ, ನಿಧಾನವಾಗಿ, ನೀರು ಬಿಡುತ್ತಾ ತಿಕ್ಕಬೇಕು. ನಿಧಾನ ಎನ್ನುವುದು ಅಣ್ಣನ ಜಾಯಮಾನಕ್ಕೆ ಒಗ್ಗದ ಸಂಗತಿ. ಆದರೂ ಕಲಿತರು. ಆ ತಿಂಗಳುಗಳಲ್ಲಿ ಅವರ ಕೈ, ಮೀಸೆ, ಬನಿಯನ್ನು ಎಲ್ಲ ಗುಲಾಬಿ. ಅಕ್ಕ ಒಂದು ದಿನ ಇಡ್ಲಿ ತಟ್ಟೆ ತಂದು ನನ್ನ ಮುಂದೆ ಹಿಡಿದರು. ಇಡ್ಲಿಯ ಮೇಲೆ ಐದು ಗುಲಾಬಿ ಬೆರಳಚ್ಚು. "ನೋಡು, ನಮ್ಮನೇಲಿ ದಿನಾ ಹೋಳಿ."

ಒಂದು ದಿನ ಆ ಒಡೆದ ಗಾಜಿನ ಅರ್ಧ ಭಾಗ, ಬಿರುಕಿನ ಎಡಗಡೆಯದು, ಹೊಸದರ ಹಾಗೆ ತಿಳಿಯಾಗಿ ನಿಂತಿತ್ತು. ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು. ಎಳನೀರು ಕುಡಿಯಲು ನಿಂತವರನ್ನೂ ಬಿಡಲಿಲ್ಲ. ನೋಡಿದವರಲ್ಲಿ ಒಬ್ಬರು, "ನಮ್ಮ ಕಾರಿಗೂ ಹಿಂಗೇ ಆಗಿದೆ, ಪಕ್ಕದ ಬಿಲ್ಡಿಂಗಲ್ಲಿ ಕಂಬಿ ಕಟ್ ಮಾಡ್ತಿದ್ರು" ಎಂದರು. ಗ್ರಿಲ್ ಅಣ್ಣ ಗ್ಲಾಸ್ ಅಣ್ಣನಾದದ್ದು ಆ ಮಧ್ಯಾಹ್ನ.

ನಮ್ಮ ಕಡೆ ಮನೆ ಕಟ್ಟದ ರಸ್ತೆಯಿಲ್ಲ, ಆದ್ದರಿಂದ ಕಿಡಿ ಹಾರದ ರಸ್ತೆಯೂ ಇಲ್ಲ. ಗಿರಾಕಿಗಳು ಬರತೊಡಗಿದರು. ಅಣ್ಣ ಡಾಕ್ಟರ ಹಾಗೆ ಮುಖ ಗಂಟಿಕ್ಕಿಕೊಂಡು ಗಾಜಿನ ಸುತ್ತ ತಿರುಗಿ, ಬೆರಳಿನ ಗಿಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ ತೀರ್ಪು ಕೊಡುತ್ತಿದ್ದರು. ಕಿವಿಯಿಟ್ಟು ಏನು ಕೇಳುತ್ತಿದ್ದರೋ ದೇವರಿಗೇ ಗೊತ್ತು. ಅವರ ಭಾಷೆಯಲ್ಲಿ ಗುಳಿಗಳು ಮೂರು ಜಾತಿ. ರಾಗಿ, ಸಾಸಿವೆ, ಕಡಲೆ. "ರಾಗಿ ಇದ್ರೆ ಒಂದು ಮಧ್ಯಾಹ್ನದ ಕೆಲ್ಸ. ಸಾಸಿವೆ ಇದ್ರೆ ಪ್ರಯತ್ನ ಮಾಡ್ತೀನಿ. ಕಡಲೆ ಆದ್ರೆ ಸುಮ್ನೆ ಗ್ಲಾಸ್ ಬದಲಾಯಿಸ್ಕೊಳಿ ಸಾರ್, ನನ್ನ ಹತ್ರ ಸುಳ್ಳು ಹೇಳಿಸ್ಬೇಡಿ." ಹಾಗೆಂದವರು ಆ ಪುಡಿಯ ಬಗ್ಗೆ ಮಾತ್ರ ದಿನಕ್ಕೊಂದು ಸುಳ್ಳು ಹೇಳುತ್ತಿದ್ದರು. ಒಬ್ಬರಿಗೆ ಅದು ಜಪಾನಿನದು, ಇನ್ನೊಬ್ಬರಿಗೆ ವಿಮಾನದ ಗಾಜಿಗೆ ಹಾಕುವಂಥದ್ದು. ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಗಾಜಿನ ಉದ್ದಕ್ಕೂ ಉಗುರು ಎಳೆಯುತ್ತಿದ್ದರು. "ಉಗುರು ಎಡವಬಾರ್ದು. ಕಣ್ಣು ಮೋಸ ಮಾಡುತ್ತೆ, ಉಗುರು ಮಾಡಲ್ಲ." ಆಮೇಲೆ ಗಿರಾಕಿಯ ಕೈಯನ್ನು ತಮ್ಮ ಎರಡೂ ಗುಲಾಬಿ ಕೈಗಳಲ್ಲಿ ಹಿಡಿದು ಜೋರಾಗಿ ಕುಲುಕಿ ಕಳಿಸುತ್ತಿದ್ದರು. ಅವರ ಅಂಗಡಿಯಿಂದ ಹೊರಟ ಕಾರುಗಳನ್ನು ಸ್ಟೇರಿಂಗ್ ಮೇಲಿನ ಗುಲಾಬಿ ಗುರುತಿನಿಂದಲೇ ಕಂಡುಹಿಡಿಯಬಹುದಿತ್ತು.

ಇಷ್ಟಕ್ಕೇ ನಿಲ್ಲಲಿಲ್ಲ. ರಸ್ತೆಯ ಇತರ ಗ್ರಿಲ್ ಅಂಗಡಿಗಳಿಗೆಲ್ಲ ಹೋಗಿ, ಗ್ರೈಂಡಿಂಗ್ ಮಾಡುವಾಗ ಮರೆ ಕಟ್ಟಿಕೊಳ್ಳಿ ಎಂದು ಪಾಠ ಶುರುಮಾಡಿದರು. ಮರೆಗೆ ಬಟ್ಟೆ ಎಲ್ಲಿಂದ ಎಂದವರಿಗೆ ಹಳೇ ಫ್ಲೆಕ್ಸ್ ತಾವೇ ತಂದುಕೊಟ್ಟರು. ನಮ್ಮ ಕಡೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸುಗಳಿಗೆ ಬರವೇ? ಕೆಲವೇ ವಾರಗಳಲ್ಲಿ ರಸ್ತೆಯುದ್ದಕ್ಕೂ ಕೈಮುಗಿದು ನಗುವ ಮುಖಗಳು, ಕೆನ್ನೆ ಮೂಗಿನ ಮೇಲೆಲ್ಲ ಕಿಡಿಯ ತೂತು. ಒಬ್ಬ ಅಂಗಡಿಯವನು ಕೇಳಿದ: "ಎಲ್ರೂ ಮರೆ ಕಟ್ಕೊಂಡ್ರೆ ನಿಮ್ಗೆ ಗಿರಾಕಿ ಎಲ್ಲಿಂದ ಬರ್ತಾರೆ ಅಣ್ಣ?" ಅಣ್ಣ ಅವನ ಹೆಗಲ ಮೇಲೆ ಕೈಹಾಕಿ, "ಬೆಂಗಳೂರಲ್ಲಿ ಹೇಳಿದ ಮಾತು ಎಲ್ರೂ ಕೇಳ್ತಾರಾ ಮಗಾ? ನಂಗೆ ಬೇಕಾದಷ್ಟು ಜನ ಉಳೀತಾರೆ" ಎಂದರು.

ನನ್ನ ವ್ಯಾನಿನ ಮಕ್ಕಳಿಗೆ ಅವರೆಂದರೆ ಬಲು ಇಷ್ಟ. ಶನಿವಾರ ವ್ಯಾನು ಅಂಗಡಿ ಮುಂದೆ ನಿಂತರೆ ಗಾಜಿಗೆ ನೀರು ಚಿಮುಕಿಸಿ ತಮ್ಮ ಮುಖವನ್ನು ಹೊರಗಿನಿಂದ ಗಾಜಿಗೆ ಒತ್ತಿ ಮೂಗು ಚಪ್ಪಟೆ ಮಾಡಿ ಹೆದರಿಸುತ್ತಿದ್ದರು. ಅವರು ದೊಡ್ಡವರೆಂದು ಮಕ್ಕಳಿಗೆ ಅನ್ನಿಸಿಯೇ ಇರಲಿಲ್ಲವೆಂದು ಕಾಣುತ್ತದೆ.

ಹೀಗೆ ವರ್ಷಗಳು ಹೋದವು. ಒಂದು ಮಧ್ಯಾಹ್ನ ಅಣ್ಣ ಎದುರಿನ ಹೊಸ ಕಟ್ಟಡದ ಕಡೆ ಕೈಮಾಡಿ ಕೂಗಾಡುತ್ತಿದ್ದರು. "ಏಯ್, ಬಿಸಿಲಲ್ಲಿ ಏನೋ ಮಾಡ್ತಿದೀಯ ಅಲ್ಲಿ? ಬೀಳ್ತೀಯ, ಇಳಿಯೋ ಕೆಳಗೆ!" ನಾನು ತಲೆಯೆತ್ತಿ ನೋಡಿದೆ. ಮೂರನೇ ಮಹಡಿಯಲ್ಲಿ ಯಾರೂ ಇರಲಿಲ್ಲ. ದೃಷ್ಟಿಗೆಂದು ಕಟ್ಟಿದ ಹುಲ್ಲಿನ ಬೊಂಬೆ ಪ್ಯಾಂಟು ಶರಟು ಹಾಕಿಕೊಂಡು ತೂಗಾಡುತ್ತಿತ್ತು. ಅಕ್ಕ ಹೊರಗೆ ಬಂದು ಬೊಂಬೆಯನ್ನು ನೋಡಿದರು, ಗಂಡನನ್ನು ನೋಡಿದರು, ಮರುದಿನವೇ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ. ಚೆನ್ನಾಗಿ ಬಲಿತಿದೆ ಎಂದರಂತೆ ಡಾಕ್ಟರು.

ಒಂದಾದ ಮೇಲೊಂದರಂತೆ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಆಮೇಲಿನ ಕೆಲವು ದಿನ ಅಣ್ಣನದು ಮಗುವಿನ ಸಂಭ್ರಮ. ಹೊಂಗೆ ಎಲೆಯ ನರ ಕಾಣುತ್ತದೆ ಎಂದರು, ಬಸ್ಸಿನ ನಂಬರು ದೂರದಿಂದಲೇ ಓದಿದರು. ಹೆಂಡತಿಯ ತಲೆ ನೋಡಿ, "ಅಯ್ಯೋ, ನಿಂಗೆ ಯಾವಾಗ ಇಷ್ಟು ಬೆಳ್ಳಗಾಯ್ತು?" ಎಂದು ಕೇಳಿದರು.

"ನೀವು ನೋಡ್ದೆ ಇದ್ದಾಗ" ಎಂದರು ಅಕ್ಕ.

ಕೊನೆಯ ಸಲ ಚೆಕಪ್ಪಿಗೆ ಹೋಗುವಾಗ ನಾನೂ ಜೊತೆಗಿದ್ದೆ. ನನ್ನ ವ್ಯಾನು ಸರ್ವಿಸಿಗೆ ಹೋಗಿದ್ದರಿಂದ ವಾಪಸ್ ಬರಲು ಪರಿಚಯದ ಟ್ಯಾಕ್ಸಿ ಹುಡುಗನನ್ನು ಕರೆದೆವು. ಬಾಗಲಕೋಟೆ ಕಡೆಯವನು, ಶ್ರೀಗಂಧದ ಕಾವಲಿನಲ್ಲಿ ರೂಮು ಮಾಡಿಕೊಂಡಿದ್ದಾನೆ, ಬಲು ಮರ್ಯಾದೆಯ ಹುಡುಗ. ಅವನ ಟ್ಯಾಕ್ಸಿಯ ಗಾಜನ್ನು ಹಿಂದಿನ ವರ್ಷ ಅಣ್ಣನೇ ಪಾಲಿಶ್ ಮಾಡಿದ್ದರು. ಅಕ್ಕ ಮತ್ತು ನಾನು ಹಿಂದೆ ಕೂತೆವು, ಅಣ್ಣ ಮುಂದೆ.

"ನೋಡಮ್ಮಾ, ನನ್ನ ಗ್ಲಾಸು" ಎಂದು ಹೆಮ್ಮೆಯಿಂದ ತಿರುಗಿ ಹೇಳಿ ಮುಂದೆ ನೋಡಿದವರು ಹಾಗೇ ಉಳಿದರು. ಡ್ರೈವರನ ಮುಂದಿನ ಭಾಗದಲ್ಲಿ ಗಾಜು ನೀರಿನ ಹಾಗೆ ಅಲೆಯೆದ್ದಿತ್ತು. ಒಂದೇ ಕಡೆ ಹೆಚ್ಚು ತಿಕ್ಕಿದರೆ ಗಾಜು ಅಲ್ಲಿ ತೆಳುವಾಗಿ ಹಾಗಾಗುತ್ತದೆ. ದೀಪದ ಕಂಬಗಳು ಆ ಜಾಗಕ್ಕೆ ಬಂದ ಕೂಡಲೇ ಸೊಂಟ ಬಳುಕಿಸಿ ದಾಟಿಹೋಗುತ್ತಿದ್ದವು. ಅಣ್ಣ ಕಂಬಗಳನ್ನು ನೋಡಿದರು. ಆಮೇಲೆ ಹುಡುಗನನ್ನು ನೋಡಿದರು. ಅವನು ಕತ್ತನ್ನು ಬಲಕ್ಕೆ ವಾಲಿಸಿಕೊಂಡು ಓಡಿಸುತ್ತಿದ್ದ.

"ಕತ್ತಿಗೆ ಏನಾಗಿದ್ಯೋ?"

"ಏನೂ ಇಲ್ರಿ ಅಣ್ಣಾರ. ಹಿಂಗ ಹಿಡದ್ರ ರೋಡ್ ನೆಟ್ಟಗ ಕಾಣತೈತ್ರಿ."

"ಯಾವತ್ತಿಂದ?"

ಹುಡುಗ ಗೇರು ಬದಲಾಯಿಸಿದ. "ನೀವು ಪಾಲಿಶ್ ಮಾಡಿಕೊಟ್ಟಾಗಿಂದ್ರಿ."

"ವರ್ಷ ಆಯ್ತಲ್ಲೋ! ಹೇಳೋಕೇನಾಗಿತ್ತು?"

"ಅವತ್ತ ನೀವು ಅಷ್ಟ ಖುಷೀಲೆ ಎರಡೂ ಕೈಲೆ ಕೈ ಕುಲುಕಿದ್ರಿ. ಹೆಂಗ ಹೇಳ್ಲಿ ಅಂತ ಸುಮ್ಮನಾದೆ. ಈಗ ರೂಢಿ ಆಗೇತ್ರಿ, ತ್ರಾಸ ಏನಿಲ್ಲ."

ಹಿಂದೆ ನಾನು ಮತ್ತು ಅಕ್ಕ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆವು. ಮನೆಯ ಮುಂದೆ ಇಳಿದಾಗ ಅಣ್ಣನ ಮುಖ ನೋಡಿ ನಮ್ಮ ನಗು ಹೋಯಿತು.

ಮರುದಿನ ಅಂಗಡಿ ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ಬಾಯಿ ಮುಚ್ಚಿದ್ದೇ ಇಲ್ಲದ ಮನುಷ್ಯ ಗೋಡೆ ನೋಡಿಕೊಂಡು ಕೂತಿದ್ದರು. ಅಕ್ಕ ನನ್ನ ಹತ್ತಿರ ಬಂದು, "ಬೈದ್ರೂ ಬೈಯಲ್ಲ ಕಣೇ, ನಂಗೆ ಭಯ ಆಗ್ತಿದೆ" ಎಂದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಕೇಳಿದ್ದು ಇಷ್ಟೇ.

"ಊರಲ್ಲಿ ಇನ್ನೂ ಎಷ್ಟು ಜನ ಹಿಂಗೆ ಕತ್ತು ಓರೆ ಮಾಡ್ಕೊಂಡು ಓಡಿಸ್ತಿದಾರೋ ಅಮ್ಮಾ?"

ಕೇಳಿದಾಗ ನಗು ಬರುವಂಥ ಮಾತೇ. ಆದರೆ ಅವರ ದನಿ ಕೇಳಿ ನನಗೆ ತರಕಾರಿ ಗಾಡಿ ಎದುರಾದ ಆ ಸಂಜೆ ನೆನಪಾಯಿತು. ಯಾರದೋ ಕಣ್ಣಿನ ಮುಂದಿನ ರಸ್ತೆಯನ್ನು ತಾನು ಸೊಟ್ಟ ಮಾಡಿದ್ದೇನೆ ಎಂಬುದು ಅವರಿಗೆ ತಡೆಯಲಾಗಿರಲಿಲ್ಲ.

"ಹುಡುಕೋಣ, ಏಳಿ" ಎಂದೆ.

ಭಾನುವಾರಗಳಂದು ನನ್ನ ವ್ಯಾನಿನಲ್ಲಿ ಹೊರಟೆವು. ಅಪಾರ್ಟ್‌ಮೆಂಟುಗಳ ಪಾರ್ಕಿಂಗು, ಟ್ಯಾಕ್ಸಿಗಳು ನಿಲ್ಲುವ ಮೂಲೆ, ಕಲ್ಯಾಣಮಂಟಪಗಳ ಮುಂದಿನ ಸಾಲು. ಅಣ್ಣ ಒಂದೊಂದು ಕಾರಿನ ಮುಂದೂ ಬಗ್ಗಿ ನಿಂತು ಗಾಜಿನಾಚೆ ದಿಟ್ಟಿಸುತ್ತಿದ್ದರು. ವಾಚ್‌ಮನ್‌ಗಳು ಕಳ್ಳರೆಂದು ಓಡಿಬಂದರೆ ನಾನು ಸಮಾಧಾನ ಹೇಳಬೇಕು. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಮಾಡಿದ ಗಾಜುಗಳೆಲ್ಲ ಚೆನ್ನಾಗಿಯೇ ಇದ್ದವು. ಅವುಗಳ ಬಗ್ಗೆ ಒಂದು ಮಾತೂ ಆಡದೆ ಮುಂದೆ ಹೋಗುತ್ತಿದ್ದರು. ಕೆಟ್ಟದ್ದು ಇತ್ತೀಚಿನವು ಮಾತ್ರ. ಬಸವೇಶ್ವರನಗರದ ಒಬ್ಬ ಗುಮಾಸ್ತರಿಗೆ ವಿಷಯ ಹೇಳಿದಾಗ ಅವರು ಬಾಯಿಬಿಟ್ಟುಕೊಂಡು ನಿಂತರು. "ಗ್ಲಾಸ್ ಪ್ರಾಬ್ಲಮ್ಮಾ? ನನ್ನ ಕಣ್ಣಿಂದು ಅಂದ್ಕೊಂಡು ಎರಡು ಸಲ ಕನ್ನಡಕ ಬದಲಾಯಿಸಿದ್ನಲ್ರೀ!" ಅಣ್ಣ ಅವರಿಗೆ ಕೈಮುಗಿದರು. ಬೈಯಲಿಲ್ಲ. ತಪ್ಪು ಒಪ್ಪಿಕೊಳ್ಳುವಾಗ ಎದುರಿನವರಿಗೆ ಬೈಯದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಲೆಯೆದ್ದ ಗಾಜನ್ನು ಮತ್ತೆ ಸರಿಮಾಡಲು ಆಗುವುದಿಲ್ಲ, ಬದಲಾಯಿಸಲೇಬೇಕು. ಹೊಸ ಗಾಜುಗಳ ಖರ್ಚಿಗೆಂದು ಅಣ್ಣ ಹಳೇ ವ್ಯಾನು ಮಾರಿದರು, ಗ್ರೈಂಡರು, ವೆಲ್ಡಿಂಗ್ ಮೆಷಿನ್ನು, ಪೈಪುಗಳು ಎಲ್ಲ ಮಾರಿದರು. ಅಕ್ಕ ಏನನ್ನುತ್ತಾರೋ ಎಂದು ನಾನು ಹೆದರಿದ್ದೆ. ಅವರು ಖಾಲಿಯಾಗುತ್ತಿದ್ದ ಅಂಗಡಿಯ ಮಧ್ಯೆ ನಿಂತು, "ಈ ಪೈಪೆಲ್ಲ ಹೋದ್ರೆ ಇಲ್ಲಿ ಇಷ್ಟು ಗಾಳಿ ಬರುತ್ತೆ ಅಂತ ಗೊತ್ತಿದ್ದಿದ್ರೆ ಎಂದೋ ಮಾರಿಸ್ತಿದ್ದೆ" ಎಂದರು. ಗಂಡನ ಮುಖ ನೋಡದೆ ಅಂದರು. ಅಣ್ಣ ಬಗ್ಗಿ ನೆಲದ ಮೇಲಿನ ಮೊಳೆಗಳನ್ನು ಒಂದೊಂದಾಗಿ ಆರಿಸುತ್ತಿದ್ದರು.

ಬಾಗಲಕೋಟೆಯ ಹುಡುಗ ಮಾತ್ರ ಸಿಗಲಿಲ್ಲ. ಫೋನ್ ಮಾಡಿದರೆ "ಬ್ಯಾಡ್ರಿ ಅಣ್ಣಾರ, ನಂಗೇನ್ ಆಗಿಲ್ರಿ" ಎಂದು ತಪ್ಪಿಸಿಕೊಳ್ಳುತ್ತಿದ್ದ. ಕೊನೆಗೆ ನಾನೇ ಸುಳ್ಳು ಹೇಳಿ, ಏರ್‌ಪೋರ್ಟಿಗೆ ಬಾಡಿಗೆಯಿದೆ ಬಾ ಎಂದು ಕರೆಸಿದೆ. ಬ್ಯಾಗು ಎತ್ತಿಕೊಳ್ಳಲು ಇಳಿದವನ ಕೀಲಿಯನ್ನು ಅಣ್ಣ ಕಸಿದು ಜೇಬಿಗೆ ಹಾಕಿಕೊಂಡರು. ಗಾಜಿನ ಅಂಗಡಿಯ ಹುಡುಗರು ಹೊಸ ಗಾಜು ಹಿಡಿದು ಒಳಗೆ ಕಾಯುತ್ತಿದ್ದರು. ಹಳೆಯದನ್ನು ಕೊಯ್ದು ತೆಗೆದು, ಅಂಟು ಬಳಿದು, ಹೊಸದನ್ನು ಕೂರಿಸಿ ಒಣಗಲು ಬಿಟ್ಟರು. ಅಷ್ಟು ಹೊತ್ತೂ ಹುಡುಗ ಅಕ್ಕನ ಕೈಯ ಮುದ್ದೆ ಸೊಪ್ಪಿನ ಸಾರು ಉಂಡು, ಜಗುಲಿಯ ಮೇಲೆ ನಾಚಿಕೊಂಡು ಕೂತಿದ್ದ. ಆ ಅಂಗಡಿಯ ಕೊನೆಯ ಕೆಲಸ ಅದು.

ಸಂಜೆ ಅವನು ಸೀಟಿನಲ್ಲಿ ಕೂತ. ಅಣ್ಣ ಬಾನೆಟ್ಟಿನ ಮುಂದೆ ನಿಂತು, ಸ್ಟುಡಿಯೋದವರ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು.

"ಕತ್ತು ನೆಟ್ಟಗಿಡೋ."

"ನೆಟ್ಟಗ ಐತಲ್ರಿ."

"ಎಲ್ಲಿ ಐತೋ ನೆಟ್ಟಗೆ!" ಎಂದು ಬಾಗಿಲ ಬಳಿ ಹೋಗಿ, ಕಿಟಕಿಯೊಳಗೆ ಎರಡೂ ಕೈ ಹಾಕಿ ಅವನ ತಲೆಯನ್ನು ಕಿವಿಗಳ ಹತ್ತಿರ ಹಿಡಿದು ಸರಿಯಾಗಿ ಕೂರಿಸಿದರು. "ಹಾಂ. ಈಗ ಹಿಂಗೇ ಹೋಗು. ಅಲ್ಲಾಡ್ಬೇಡ. ಕಂಬ ಸೊಟ್ಟ ಕಾಣ್ತಿದ್ಯಾ?"

"ಇಲ್ರಿ. ಎಲ್ಲಾ ಹೊಸದ ಕಾಣಾಕತ್ತೈತ್ರಿ."

ಟ್ಯಾಕ್ಸಿ ಹೊರಟಿತು. ನಾವು ಮೂವರೂ ನೋಡುತ್ತಾ ನಿಂತೆವು. ಹಿಂದಿನ ಗಾಜಿನಲ್ಲಿ ಅವನ ತಲೆ ಸ್ವಲ್ಪ ದೂರ ನೆಟ್ಟಗಿತ್ತು. ಆಮೇಲೆ ತನ್ನ ಪಾಡಿಗೆ ತಾನು, ಮೆಲ್ಲಗೆ, ಬಲಕ್ಕೆ ವಾಲಿತು.

"ಅಯ್ಯೋ, ನೆಟ್ಟಗೋ! ನೆಟ್ಟಗೆ!" ಎಂದು ಅಣ್ಣ ಲುಂಗಿ ಎತ್ತಿ ಕಟ್ಟಿ ಎರಡೂ ಕೈ ಬೀಸುತ್ತಾ ರಸ್ತೆಗೆ ಓಡಿದರು. ಹುಡುಗ ಕನ್ನಡಿಯಲ್ಲಿ ನೋಡಿರಬೇಕು. ಬೀಳ್ಕೊಡುತ್ತಿದ್ದಾರೆ ಎಂದುಕೊಂಡು ಕಿಟಕಿಯಿಂದ ಕೈ ಹೊರಗೆ ಹಾಕಿ, ಓರೆ ಕತ್ತಿನಲ್ಲೇ, ಅವರು ಬೀಸಿದಷ್ಟೇ ಜೋರಾಗಿ ತಾನೂ ಬೀಸುತ್ತಾ ಹೋದ. ಅಣ್ಣ ರಸ್ತೆಯ ಅಂಚಿನಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟುಕೊಂಡರು. ಹಿಂದಿನಿಂದ ನಮಗೆ ಅವರ ಹೆಗಲು ಕುಣಿಯುವುದು ಕಂಡಿತು. ಅಳುತ್ತಿದ್ದಾರೇನೋ ಎಂದು ಅಕ್ಕ ಗಾಬರಿಯಿಂದ ನನ್ನ ಕೈ ಹಿಡಿದರು. ಅಷ್ಟರಲ್ಲಿ ಅವರ ನಗು ರಸ್ತೆಯಾಚೆಯ ಅಂಗಡಿಗಳಿಗೂ ಕೇಳಿಸಿತು.